ನಿಧಾನಕ್ಕೆ ಓಡುವ ಅಕ್ಷರ

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಷಣ್ಮುಖಪ್ಪನ ಕೇಬಲ್ ಆಫೀಸು ಇತ್ತು. ಅಲ್ಲಿಂದ ಹೊರಟ ಕಪ್ಪು ತಂತಿ ಕಂಬದಿಂದ ಕಂಬಕ್ಕೆ, ಕಂಬ ಇಲ್ಲದ ಕಡೆ ಮರದಿಂದ ಮರಕ್ಕೆ ಜೋತಾಡಿಕೊಂಡು ಸುತ್ತಿನ ಹದಿನಾರು ಹಳ್ಳಿಗಳಿಗೆ ಹೋಗುತ್ತಿತ್ತು. ಹಗಲೆಲ್ಲ ಸಿನಿಮಾ, ಹಾಡು. ಸಂಜೆ ಆರೂವರೆ ಆಯಿತೆಂದರೆ ಎಂಥ ಸಿನಿಮಾ ಆದರೂ ನಿಲ್ಲಲೇಬೇಕು. ಪರದೆ ಕಪ್ಪಾಗಿ, ಅದರ ಮೇಲೆ ಬಲದಿಂದ ಎಡಕ್ಕೆ ಹಳದಿ ಅಕ್ಷರಗಳು ಹೊರಡುತ್ತಿದ್ದವು. ಯಾರು ತೀರಿಕೊಂಡರು, ಯಾರ ಹಸು ಹಗ್ಗ ಕಿತ್ತುಕೊಂಡು ಹೋಗಿದೆ, ನಾಳೆ ಯಾವ ಕಡೆ ಕರೆಂಟು ಇರುವುದಿಲ್ಲ, ಹೊಗೆಸೊಪ್ಪಿನ ಹರಾಜಿಗೆ ಯಾವ ಊರಿನ ಸರದಿ. ಅರ್ಧ ಗಂಟೆ ಇಷ್ಟೇ. ಆ ಅರ್ಧ ಗಂಟೆಗೆ ಹೆಂಗಸರು ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದರು, ಗಂಡಸರು ಹಟ್ಟಿಯಿಂದ ಕೈ ಒರೆಸಿಕೊಂಡು ಬರುತ್ತಿದ್ದರು.

ಆ ಅಕ್ಷರಗಳನ್ನು ಓಡಿಸುತ್ತಿದ್ದವರು ಸುನಂದಮ್ಮ.

ಸುನಂದಮ್ಮನಿಗೆ ಐವತ್ತರ ಹತ್ತಿರ. ಚುಂಚನಕಟ್ಟೆ ಕಡೆಯವರು. ಕೆ.ಆರ್. ನಗರದ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿ, ಪ್ರೆಸ್ಸು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದವರು. ಜನ ಕಿಟಕಿಯ ಹತ್ತಿರ ಬಂದು ಚೀಟಿ ಹಿಡಿದರೆ, ಅವರ ಕೈಯಲ್ಲಿರುವಾಗಲೇ, ತಲೆಕೆಳಗಾಗಿರುವುದನ್ನು ಓದಿ ಮುಗಿಸಿರುತ್ತಿದ್ದರು. ಇದನ್ನು ಬೇರೆ ಯಾರೂ ಗಮನಿಸಿರಲಿಲ್ಲ. ಮೀನಾ ಗಮನಿಸಿದ್ದಳು.

ಮೀನಾಳಿಗೆ ಹತ್ತೊಂಬತ್ತು. ತಾಯಿ ಹಾಸಿಗೆ ಹಿಡಿದ ವರ್ಷ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಫೀಸಿನಲ್ಲಿ ಅವಳ ಕೆಲಸ ಕಸ ಗುಡಿಸುವುದು, ಸಿ.ಡಿ. ಬದಲಾಯಿಸುವುದು, ಕಿಟಕಿಯಲ್ಲಿ ಚೀಟಿ ಇಸಿದುಕೊಳ್ಳುವುದು. ಮಾತು ಬಹಳ ಕಡಿಮೆ. ಆರು ತಿಂಗಳ ತನಕ ಕೆಳಗಿನ ಗೊಬ್ಬರದಂಗಡಿಯವರು ಅವಳಿಗೆ ಮಾತೇ ಬರುವುದಿಲ್ಲ ಎಂದುಕೊಂಡಿದ್ದರು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಅವಳು ಎರಡು ವರ್ಷದಿಂದ ನೋಡಿದ್ದು ಸುನಂದಮ್ಮನ ಕೈಗಳನ್ನು.

ಅಕ್ಷರ ಎಷ್ಟು ಬೇಗ ಓಡಬೇಕು ಎನ್ನುವುದನ್ನು ಸುನಂದಮ್ಮ ಗೊತ್ತುಮಾಡಿದ ರೀತಿಯನ್ನೂ ಅವಳು ಕಣ್ಣಾರೆ ನೋಡಿದ್ದಳು. ಬಸ್ ನಿಲ್ದಾಣದಲ್ಲಿ ವೀಳ್ಯದೆಲೆ ಮಾರುವ ಚಿಕ್ಕಬೀರಮ್ಮ ಐವತ್ತೈದು ದಾಟಿದ ಮೇಲೆ ಸಾಕ್ಷರತೆಯ ಕ್ಲಾಸಿಗೆ ಹೋಗಿ ಓದು ಕಲಿತವಳು. ಗಾಳಿಯಲ್ಲಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಳು. ಸುನಂದಮ್ಮ ಅವಳನ್ನು ಮೇಲಕ್ಕೆ ಕರೆಸಿ, ಟಿ.ವಿ. ಮುಂದೆ ಕೂರಿಸಿ, ಒಂದು ಸಾಲು ಓಡಿಸಿದರು. ಅವಳು ಎಲ್ಲಿ ತಡವರಿಸಿದಳೋ ಅಲ್ಲಿ ವೇಗ ಇಳಿಸಿದರು. ಮತ್ತೆ ಓಡಿಸಿದರು, ಮತ್ತೆ ಇಳಿಸಿದರು. ಚಿಕ್ಕಬೀರಮ್ಮ ಉಸಿರು ಕಟ್ಟದೆ ಸಾಲು ಮುಗಿಸಿದ ವೇಗವೇ ಆಮೇಲೆ ಹದಿನಾರು ಹಳ್ಳಿಗೂ ವೇಗವಾಯಿತು. ಇಷ್ಟು ನಿಧಾನ ಯಾಕೆ ಎಂದು ಷಣ್ಮುಖಪ್ಪ ಒಮ್ಮೆ ಕೇಳಿದಾಗ, ಬೇಗ ಓದುವವರು ಕಾಯಬಹುದು, ನಿಧಾನಕ್ಕೆ ಓದುವವರು ಓಡೋಕಾಗಲ್ಲ ಎಂದಿದ್ದರು. ಅಷ್ಟೇ ಮಾತು.

ಎರಡು ಸಾವಿರದ ನಾಲ್ಕನೇ ಇಸವಿಯ ಆಯುಧಪೂಜೆಗೆ ಮೂರು ದಿನ ಇದ್ದಾಗ ಮೈಸೂರಿನಿಂದ ವಸಂತ್ ಹೊಸ ಕಂಪ್ಯೂಟರ್ ತಂದು ಇಳಿಸಿದ. ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾರುವ ಅಂಗಡಿ ಅವನದು. ಮೂವತ್ತರ ಆಸುಪಾಸಿನ ಸಭ್ಯ ಮನುಷ್ಯ. ಅಂಗಡಿಗಳ ಜಾಹೀರಾತಿಗೆ ಫೋಟೋ ಹಾಕಬೇಕು, ಬಣ್ಣ ಬರಬೇಕು ಎಂದು ಷಣ್ಮುಖಪ್ಪನಿಗೆ ಬಹಳ ದಿನದ ಆಸೆ. ಹಳೆಯದನ್ನು ವಸಂತ್ ಬದಲಿಗೆ ಎತ್ತಿಕೊಂಡು ಅದೇ ವ್ಯಾನಿನಲ್ಲಿ ಹೊರಟುಹೋದ. ಪೂಜೆ ಆಗುವ ತನಕ ಹೊಸದನ್ನು ಯಾರೂ ಮುಟ್ಟಲಿಲ್ಲ; ಆ ಮೂರು ದಿನ ಸಂಜೆಯ ಅಕ್ಷರಕ್ಕೆ ಹಬ್ಬದ ರಜೆ. ಹಬ್ಬದ ದಿನ ಹೊಸ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಮೆಟ್ಟಿಲ ಮೇಲೆ ಬೂದುಗುಂಬಳ ಒಡೆದರು.

ಸಂಜೆ ಸುನಂದಮ್ಮ ತಮ್ಮ ಫ್ಲಾಪಿ ತೆಗೆದರು. ಅಕ್ಷರ ಓಡಿಸುವ ಆ ಪುಟ್ಟ ಪ್ರೋಗ್ರಾಂ ಪೂರ್ತಿಯಾಗಿ ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿತ್ತು. ಯಾವುದೋ ಕಾಲದಲ್ಲಿ ಯಾರೋ ಇಂಜಿನಿಯರಿಂಗ್ ಹುಡುಗರು ಮಾಡಿಕೊಟ್ಟದ್ದು. ಅದನ್ನು ಹೊಸ ಕಂಪ್ಯೂಟರಿಗೆ ಹಾಕಿ ತೆರೆದರೆ ಒಂದು ಚೌಕ ಮಿಂಚಿನಂತೆ ಕಾಣಿಸಿ ಮಾಯವಾಯಿತು. ಐದು ಸಲ ತೆರೆದರೂ ಐದು ಸಲವೂ ಹಾಗೇ. ಅದರ ಜೊತೆಯಲ್ಲಿದ್ದ ಕನ್ನಡ ಅಕ್ಷರಗಳು ಮಾತ್ರ ಕಂಪ್ಯೂಟರಿನೊಳಗೆ ಹೋಗಿ ಕೂತವು. ಓಡಿಸುವವನೇ ಇಲ್ಲದೆ ಅಕ್ಷರ ಇದ್ದು ಏನು ಮಾಡುವುದು? ಫೋನಿನಲ್ಲಿ ವಸಂತ್ ಹೇಳಿದ: ಅದು ಹಳೆಯ ವಿಂಡೋಸಿಗೆ ಬರೆದ ಪ್ರೋಗ್ರಾಂ, ಇದು ಎಕ್ಸ್‌ಪಿ, ಇದರಲ್ಲಿ ಅದು ಓಡುವುದಿಲ್ಲ. ಹಳೆಯ ಪೆಟ್ಟಿಗೆಯನ್ನು ಆಗಲೇ ಬಿಚ್ಚಿ ಮಾರಿಯೂ ಆಗಿತ್ತು.

ಆ ಸಂಜೆಯೂ ಆರೂವರೆಗೆ ಸಿನಿಮಾ ನಿಲ್ಲಲಿಲ್ಲ. ಮಾರನೆಯ ದಿನವೂ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪಿರಿಯಾಪಟ್ಟಣ ರಸ್ತೆಯ ಹಳ್ಳಿಯವನೊಬ್ಬ ಮೆಟ್ಟಿಲು ಹತ್ತಿ ಬಂದು, ತನ್ನ ಅತ್ತೆಯ ಮಣ್ಣಿಗೆ ಅರ್ಧ ನೆಂಟರು ಬರಲೇ ಇಲ್ಲ ಎಂದು ಹೇಳಿ, ಬೈಯದೆ ಇಳಿದುಹೋದ. ಬೈದಿದ್ದರೆ ವಾಸಿಯಿತ್ತು ಎಂದು ಮೀನಾಳಿಗೆ ಅನ್ನಿಸಿತು.

ಷಣ್ಮುಖಪ್ಪ ಇಂಟರ್ನೆಟ್ ಅಂಗಡಿಯಿಂದ ಅಕ್ಷರ ಓಡಿಸುವ ಇನ್ನೊಂದು ಪ್ರೋಗ್ರಾಂ ತರಿಸಿದ. ಅದು ಓಡಿತು, ಆದರೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಒಪ್ಪಲಿಲ್ಲ. ಇರಲಿ ಎಂದು ಅವನೇ ಕೂತು ಕನ್ನಡದ ಮಾತನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ. ಅರ್ಧ ಗಂಟೆ ಮುಗಿಯುವ ಮೊದಲೇ ಚಿಕ್ಕಬೀರಮ್ಮ ಎಲೆಬುಟ್ಟಿ ಸಮೇತ ಮೇಲಕ್ಕೆ ಬಂದಳು.

"ಇದ್ಯಾವೂರಿನ ಅಕ್ಸರ ಕಣಪ್ಪ? ಕಲ್ತಿದ್ದೇ ಒಂದು, ಅದ್ನೂ ಕಿತ್ಕಂಡ್ರಾ?"

ಷಣ್ಮುಖಪ್ಪ ಎರಡು ಕವಳೆ ಎಲೆ ತೆಗೆದುಕೊಂಡು ಅವಳನ್ನು ಕಳಿಸಿದ.

ಆಮೇಲೆ ವಸಂತ್ ತಾನೇ ಬಂದು ಒಂದು ದೊಡ್ಡ ಸಾಫ್ಟ್‌ವೇರ್ ಪರೀಕ್ಷೆಗೆಂದು ಹಾಕಿಕೊಟ್ಟ. ಮದುವೆಯ ಕ್ಯಾಸೆಟ್ಟಿನವರು ಬಳಸುವಂಥದ್ದು. ಕನ್ನಡವೂ ಇತ್ತು, ಕಾಮನಬಿಲ್ಲಿನ ಅಷ್ಟೂ ಬಣ್ಣವೂ ಇತ್ತು. ಅಂದು ಎಚ್.ಡಿ. ಕೋಟೆ ರಸ್ತೆಯ ಚಲುವಯ್ಯ ಎನ್ನುವ ಹಿರಿಯರು ತೀರಿಕೊಂಡ ಚೀಟಿ ಬಂದಿತ್ತು. ಅವರ ಹೆಸರು ಪರದೆಯ ಮೇಲೆ ಬರುತ್ತಿದ್ದಂತೆ ಮೇಲಿನಿಂದ ಗುಲಾಬಿ ದಳಗಳು ಉದುರಿದವು, ಮೂಲೆಯಲ್ಲಿ ನಕ್ಷತ್ರಗಳು ಮಿನುಗಿದವು. ಸುನಂದಮ್ಮ ಎದ್ದು ಟಿ.ವಿ. ಆರಿಸಿದರು. ಟಿ.ವಿ. ಆರಿಸಿದರೆ ಊರಿನಲ್ಲಿ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಮಾರನೆಯ ದಿನ ಚಲುವಯ್ಯನ ಮಗ ಬಂದಾಗ, ದಳ ಉದುರಿಸಿದ್ದು ತಾವಲ್ಲದಿದ್ದರೂ, ಸುನಂದಮ್ಮ ಎದ್ದು ನಿಂತು ಕೈಮುಗಿದರು. ಆ ದಳಗಳನ್ನು ತೆಗೆಯಲು ಬರುತ್ತಿತ್ತು. ವೇಗವನ್ನು ಮಾತ್ರ ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲು ಬರುತ್ತಿರಲಿಲ್ಲ. ಅಕ್ಷರ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು.

ಆಗ ವಸಂತ್ ಇನ್ನೊಂದು ದಾರಿ ಹೇಳಿದ. ಚೀಟಿಗಳನ್ನು ಫೋನಿನಲ್ಲಿ ಓದಿ ಹೇಳಿದರೆ, ಮೈಸೂರಿನಲ್ಲಿ ಅವನ ಆಫೀಸಿನವರೇ ಎಲ್ಲ ತಯಾರುಮಾಡಿ ಬಸ್ಸಿನಲ್ಲಿ ಸಿ.ಡಿ. ಕಳಿಸುತ್ತಾರೆ. ಮುಂದಿನ ಮಂಗಳವಾರ ಬಂದು ಕರಾರು ಮಾಡಿಕೊಂಡರೆ ಆಯಿತು. ಷಣ್ಮುಖಪ್ಪ ಒಪ್ಪಿದ. ಒಪ್ಪಿದ ಮೇಲೆ, ಪರದೆಯ ಕಡೆ ನೋಡಿಕೊಂಡು, ಸುನಂದಮ್ಮನಿಗೆ ಹೇಳಿದ.

"ನೋಡ್ರೀ ಸುನಂದಮ್ಮೋರೆ, ಮಂಗಳವಾರದಿಂದ ಇಲ್ಲಿ ಬರೆಯೋ ಕೆಲಸ ಇರಾಕಿಲ್ಲ. ನಿಮ್ಗೆ ಬೇರೆ ಏನಾರ ನೋಡೋಣ."

ಆ ಕೋಣೆಯಲ್ಲಿ ಬೇರೆ ಏನೂ ಇರಲಿಲ್ಲ. ಇದ್ದ ಬೇರೆ ಕೆಲಸವನ್ನು ಮೀನಾ ಮಾಡುತ್ತಿದ್ದಳು. ಸುನಂದಮ್ಮ ಆಗಲಿ ಎಂದರು. ಮಂಗಳವಾರದ ತನಕ ಅಕ್ಷರ ಓಡಿಸುವ ದಾರಿ ಹುಡುಕುವುದಕ್ಕೆ ಅಡ್ಡಿಯಿಲ್ಲವಲ್ಲ ಎಂದು ಕೇಳಿದರು. ಷಣ್ಮುಖಪ್ಪನಿಗೆ ಅಡ್ಡಿಯಿರಲಿಲ್ಲ.

ಬುಧವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಮೀನಾ ಸ್ಟೂಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಹೊಸ ಕಂಪ್ಯೂಟರಿನ ಪರದೆ ತಾನಾಗಿ ಕಪ್ಪಾಗಿ, ವಸಂತನ ಅಂಗಡಿಯ ಹೆಸರು, ಫೋನ್ ನಂಬರು ಇಂಗ್ಲಿಷಿನಲ್ಲಿ ಬಲದಿಂದ ಎಡಕ್ಕೆ ಹೋಗುತ್ತಿತ್ತು. ಮಾರಿದ ಪ್ರತಿ ಕಂಪ್ಯೂಟರಿಗೂ ಅವನು ಹಾಗೆ ಹಾಕಿ ಕಳಿಸುತ್ತಿದ್ದ. ಮೊದಲ ದಿನದಿಂದ ಎಲ್ಲರೂ ಅದನ್ನು ನೋಡಿದ್ದರು. ನೋಡಿ, ಹೋಗಲಿ ಎಂದು ಮೌಸ್ ಅಲ್ಲಾಡಿಸಿ ಅಳಿಸುತ್ತಿದ್ದರು. ಅಂದು ಮೀನಾಳ ತುತ್ತು ಕೈಯಲ್ಲೇ ನಿಂತಿತು. ಅವಳು ಆ ನಂಬರಿನ ಒಂದೊಂದೇ ಅಂಕಿಯನ್ನು, ಚಿಕ್ಕಬೀರಮ್ಮ ಓದುವ ಹಾಗೆ, ಬೆರಳಿಟ್ಟು ಓದಿಕೊಂಡಳು. ಕೊನೆಯ ಅಂಕಿ ಮುಗಿಯುವ ತನಕ ಅದು ಪರದೆ ಬಿಟ್ಟು ಹೋಗಲಿಲ್ಲ.

ಅಂದು ಅವಳು ಹೇಳಲಿಲ್ಲ. ನಕ್ಕರೆ? ಇದು ಎಲ್ಲರಿಗೂ ಗೊತ್ತಿರುವ ವಿಷಯವೇ ಆಗಿದ್ದರೆ? ಲಕ್ಷ್ಮಣತೀರ್ಥದ ಸೇತುವೆ ದಾಟಿ ಮನೆಗೆ ಹೋಗುವ ತನಕ ಮಾತನ್ನು ಬಾಯೊಳಗೇ ಜೋಡಿಸಿ ನೋಡಿದಳು, ಕೆಡಿಸಿದಳು. ಗುರುವಾರ ಬೆಳಿಗ್ಗೆ ಸುನಂದಮ್ಮ ಬಂದು ಕೂತು, ಕಪ್ಪು ಪರದೆ ಅಳಿಸಲು ಮೌಸಿಗೆ ಕೈ ಹಾಕಿದಾಗ, ಮೀನಾ ಹೋಗಿ ಅವರ ಮಣಿಕಟ್ಟು ಹಿಡಿದುಬಿಟ್ಟಳು.

"ಅಕ್ಕ, ಮುಟ್ಬೇಡಿ. ಅದು ನಿಧಾನಕ್ಕೋಯ್ತದೆ. ನೋಡಿ."

ಸುನಂದಮ್ಮ ನೋಡಿದರು. ಮೂರು ಸಲ ಹಾದುಹೋಗುವ ತನಕ ನೋಡಿದರು. ಆಮೇಲೆ ಫೋನ್ ಎತ್ತಿ, ನಿಮ್ಮ ಅಂಗಡಿಯ ಹೆಸರಿನ ಜಾಗದಲ್ಲಿ ಬೇರೆ ಹೆಸರು ಹಾಕುವುದು ಹೇಗಪ್ಪ ಎಂದು ವಸಂತನನ್ನೇ ಕೇಳಿದರು. ಅದು ಸ್ಕ್ರೀನ್‌ಸೇವರ್ ಮೇಡಂ ಎಂದು ಅವನು ನಕ್ಕರೂ ಕೇಳಿದ್ದನ್ನೆಲ್ಲ ಹೇಳಿಕೊಟ್ಟ. ಒಂದು ಸಣ್ಣ ಚೌಕ ತೆರೆದುಕೊಂಡಿತು. ಅದರಲ್ಲಿ ಬರೆಯುವ ಜಾಗ ಇತ್ತು, ವೇಗ ಏರಿಸಿ ಇಳಿಸುವ ಕಡ್ಡಿ ಇತ್ತು, ಬಣ್ಣ ಇತ್ತು. ಅಕ್ಷರದ ಪಟ್ಟಿಯಲ್ಲಿ ಹುಡುಕುತ್ತ ಹೋದರೆ, ಅವರ ಫ್ಲಾಪಿಯಿಂದ ಬಂದು ಕೂತಿದ್ದ ಕನ್ನಡವೂ ಇತ್ತು.

ಆದರೆ ಬರೆಯಲು ಹೋದಾಗ ಷಣ್ಮುಖಪ್ಪ ತಲೆ ಅಲ್ಲಾಡಿಸಿದ. ಕೀಲಿ ಒತ್ತಿದರೆ ಪೂರ್ತಿ ಅಕ್ಷರ ಕೊಡುತ್ತಿದ್ದುದು ಹಳೆಯ ಪ್ರೋಗ್ರಾಮಿನ ಒಳಗಿದ್ದ ಯುಕ್ತಿ. ಅದು ಹೋದ ಮೇಲೆ ಉಳಿದದ್ದು ಚೂರುಗಳು. ಒಂದು ಕೀಲಿಗೆ ತಲೆಕಟ್ಟಿಲ್ಲದ ಕ ಬರುತ್ತಿತ್ತು, ಇನ್ನೊಂದಕ್ಕೆ ಬರೀ ಕೊಂಬು, ಮತ್ತೊಂದಕ್ಕೆ ಯಾರದೋ ಒತ್ತು. ಅದೂ ಬರೆಯುವ ಚೌಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತಿತ್ತು. ಪರದೆಯ ಮೇಲೆ ಓಡಿದಾಗಲೇ ಕನ್ನಡ. ಇದು ಕಸ, ಆಗುವ ಮಾತಲ್ಲ ಎಂದು ಷಣ್ಮುಖಪ್ಪ ಎದ್ದ. ಸುನಂದಮ್ಮನ ಮುಖದಲ್ಲಿ ಹದಿನೈದು ದಿನದಲ್ಲಿ ಮೊದಲ ಸಲ ನಗು ಕಂಡಿತು.

"ಕಸ ಅಲ್ಲ ಕಣ್ರೀ. ಇವು ಮೊಳೆಗಳು."

ಪ್ರೆಸ್ಸಿನಲ್ಲಿ ಅವರು ಇಪ್ಪತ್ತು ವರ್ಷ ಮಾಡಿದ್ದೇ ಅದು. ಸೀಸದ ಕ ಬೇರೆ ಖಾನೆ, ತಲೆಕಟ್ಟು ಬೇರೆ ಖಾನೆ, ಗುಡಿಸು ಬೇರೆ, ಕೊಂಬು ಬೇರೆ. ಅವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಜೋಡಿಸಿ, ಅಚ್ಚಾದ ಮೇಲೆ ಹೇಗೆ ಕಾಣುತ್ತದೆಂದು ಮನಸ್ಸಿನಲ್ಲೇ ಓದಿಕೊಳ್ಳಬೇಕು. ಕಣ್ಣಿಗೆ ಕಾಣುವುದು ಒಂದು, ಕಾಗದಕ್ಕೆ ಬರುವುದು ಇನ್ನೊಂದು. ಅವರಿಗೆ ಅದರ ಭಯವೇ ಇರಲಿಲ್ಲ.

ಕೀಲಿಮಣೆಯಲ್ಲಿ ಅರ್ಧ ಚೂರುಗಳು ಸಿಕ್ಕವು. ಉಳಿದವು ಎಲ್ಲಿ? ಮತ್ತೆ ವಸಂತನಿಗೆ ಫೋನ್. ಆಲ್ಟ್ ಎನ್ನುವ ಕೀಲಿ ಒತ್ತಿ ಹಿಡಿದು ನಾಲ್ಕು ಅಂಕಿಯ ನಂಬರು ಹೊಡೆದರೆ ಬರುತ್ತವೆ, ಆದರೆ ಹಾಗೆ ಯಾರೂ ಒಂದು ಸಾಲು ಬರೆದದ್ದನ್ನು ನಾನು ಕಂಡಿಲ್ಲ ಎಂದ. ಸುನಂದಮ್ಮ ಥ್ಯಾಂಕ್ಸ್ ಹೇಳಿ ಫೋನಿಟ್ಟರು. ಅಲ್ಲಿಂದ ಎರಡು ದಿನ ಇಬ್ಬರೂ ಒಂದೊಂದೇ ನಂಬರು ಹೊಡೆದು ನೋಡಿದರು. ಮೀನಾ ನಂಬರು ಕೂಗುವುದು, ಸುನಂದಮ್ಮ ಒತ್ತುವುದು, ಬಂದ ಚೂರನ್ನು ಮೀನಾ ಲೆಕ್ಕದ ಪುಸ್ತಕದ ದೊಡ್ಡ ಹಾಳೆಯಲ್ಲಿ ಬರೆಯುವುದು. ಆ ಹಾಳೆಯ ಮೇಲೆ ಸುನಂದಮ್ಮ ಮೊದಲೇ ಗೆರೆ ಹೊಡೆದು ಖಾನೆ ಮಾಡಿಕೊಟ್ಟಿದ್ದರು. ಪ್ರೆಸ್ಸಿನಲ್ಲಿ ಮೊಳೆಯ ಕೇಸು ಹೇಗಿತ್ತೋ ಹಾಗೇ. ಬಳಕೆ ಹೆಚ್ಚಿರುವ ಚೂರು ನಡುವೆ, ಅಪರೂಪದ್ದು ಅಂಚಿಗೆ.

ಮೀನಾ ಆ ಎರಡು ದಿನ ಕಂಡದ್ದನ್ನು ಆಮೇಲೆ ಯಾರಿಗೆ ಹೇಳಲು ಹೋದರೂ ಸರಿಯಾಗಿ ಹೇಳಲಾಗಲಿಲ್ಲ. ಗುರುವಾರ ಸುನಂದಮ್ಮ ಪ್ರತಿ ಚೂರಿಗೂ ಹಾಳೆ ನೋಡುತ್ತಿದ್ದರು. ಶುಕ್ರವಾರ ಮಧ್ಯಾಹ್ನಕ್ಕೆ ಹಾಳೆಯ ಕಡೆ ಬರೀ ಕಣ್ಣು ಹಾಯಿಸುತ್ತಿದ್ದರು. ಸಂಜೆಗೆ ಅದೂ ಇಲ್ಲ. ಎಡಗೈ ಹೆಬ್ಬೆರಳು ಆಲ್ಟ್ ಮೇಲೆ ನಿಂತೇ ಇರುತ್ತಿತ್ತು, ಬಲಗೈ ಬೆರಳುಗಳು ಅಂಕಿಗಳ ಮೇಲೆ ಕಾಳು ಆರಿಸಿದಂತೆ ಆಡುತ್ತಿದ್ದವು. ಚೌಕದಲ್ಲಿ ಓದಲಾಗದ ಗೀಚು ಬೆಳೆಯುತ್ತ ಹೋಗುತ್ತಿತ್ತು. ಅವರು ಅದನ್ನು ನೋಡುತ್ತ, "ಇಲ್ಲೊಂದು ದೀರ್ಘ ಬಿಟ್ಟೋಯ್ತು ಕಣವ್ವ" ಎಂದು ಹಿಂದೆ ಹೋಗಿ ತಿದ್ದುತ್ತಿದ್ದರು. ಪರದೆಗೆ ಬಿಟ್ಟರೆ ಅಕ್ಷರ ಸರಿಯಾಗಿರುತ್ತಿತ್ತು. ಇಷ್ಟು ವಿದ್ಯೆ ಇಟ್ಟುಕೊಂಡು ಈ ಹೆಂಗಸು ಇಷ್ಟು ದಿನ ಸುಮ್ಮನೆ ಹೇಗೆ ಕೂತಿದ್ದರು ಎಂದು ಮೀನಾಳಿಗೆ ಆಶ್ಚರ್ಯವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಚಿಕ್ಕಬೀರಮ್ಮನನ್ನು ಕರೆಸಿ ವೇಗ ಗೊತ್ತುಮಾಡಿದರು. ವೇಗದ ಕಡ್ಡಿ ನಿಧಾನದ ತುದಿ ಮುಟ್ಟಲು ಇನ್ನೂ ಎರಡು ಗೆರೆ ಇರುವಾಗಲೇ ಅವಳು ಸಾಲು ಓದಿ ಮುಗಿಸಿ, ಇವತ್ತು ನಾನೇ ಮುಂದೆ ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಮಧ್ಯಾಹ್ನ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಿಂದ ಒಬ್ಬರು ಚೀಟಿ ತಂದರು. ಎರಡು ದಿನದ ಮಳೆಗೆ ಅಲ್ಲಿನ ನೆಲಕ್ಕೆ ನೀರು ನುಗ್ಗಿತ್ತು. ಸೋಮವಾರ ಸರದಿಯಿದ್ದ ಐದು ಊರಿನವರು ಬೇಲ್ ಎನ್ನುವ ಸೊಪ್ಪಿನ ಕಟ್ಟುಗಳನ್ನು ಹೇರಿಕೊಂಡು ಬಂದರೆ, ಮಳೆಯಲ್ಲಿ ರಸ್ತೆಯ ಮೇಲೆ ನಿಲ್ಲಬೇಕು. ಕಾವು ಕೊಟ್ಟು ಬೇಯಿಸಿ, ಒಣಗಿಸಿ, ಬಣ್ಣ ನೋಡಿ ಕಟ್ಟಿದ ಸೊಪ್ಪು ಒಂದು ಹೊತ್ತು ನೆನೆದರೆ ಮುಗಿಯಿತು. ಹೇಗಾದರೂ ತಿಳಿಸಬೇಕು ಎಂದು ಅವರು ಕೇಳಿಕೊಂಡರು. ಷಣ್ಮುಖಪ್ಪ ಮೈಸೂರಿಗೆ ಫೋನ್ ಮಾಡಿದ. ಸಿ.ಡಿ. ಬರುವುದು ಸೋಮವಾರದ ಮೊದಲ ಬಸ್ಸಿಗೆ ಎಂದು ಅಲ್ಲಿಂದ ಉತ್ತರ ಬಂತು. ಅಷ್ಟು ಹೊತ್ತಿಗೆ ಟ್ರ್ಯಾಕ್ಟರುಗಳು ರಸ್ತೆಯಲ್ಲಿರುತ್ತವೆ. ಅವನು ಫೋನಿಟ್ಟು ಸುನಂದಮ್ಮನ ಕಡೆ ನೋಡಿದ. ಅವರು ಆಗಲೇ ಶುರುಮಾಡಿದ್ದರು.

ಚೀಟಿಯಲ್ಲಿ ಮಾನ್ಯ ರೈತ ಬಾಂಧವರಲ್ಲಿ ಕೇಳಿಕೊಳ್ಳುವುದೇನೆಂದರೆ ಎಂದು ಆರಂಭವಾಗಿ ಹತ್ತು ಸಾಲಿತ್ತು. ಆ ಸಣ್ಣ ಚೌಕ ಹಿಡಿಯುವುದು ಸ್ವಲ್ಪವೇ. ನಾಲ್ಕನೇ ಸಾಲಿಗೆ ಬಂದಾಗ ಕಂಪ್ಯೂಟರ್ ಟಕ್ ಎಂದು ಸದ್ದು ಮಾಡಿ ಮುಂದಿನ ಚೂರನ್ನು ಒಲ್ಲೆನೆಂದಿತು. ಸುನಂದಮ್ಮ ಬಾಂಧವರನ್ನು ತೆಗೆದರು. ವಿನಂತಿಯನ್ನು ತೆಗೆದರು. ಐದು ಊರಿನ ಹೆಸರು ಉಳಿಸಿಕೊಂಡರು. ಕೊನೆಗೆ ನಿಂತದ್ದು ಇಷ್ಟು: ಸೋಮವಾರ ಹರಾಜು ಇಲ್ಲ. ಬೇಲ್ ತರಬೇಡಿ. ಬುಧವಾರ ತನ್ನಿ. ಕೊನೆಯಲ್ಲಿ ಊರುಗಳು.

ಆರೂವರೆಗೆ ಸಿನಿಮಾ ನಿಂತಿತು. ಕಪ್ಪು ಪರದೆಯ ಬಲ ಅಂಚಿನಿಂದ ಹಳದಿ ಸೋ ಬಂತು. ಸಂತೋಷಕ್ಕೆ ಷಣ್ಮುಖಪ್ಪ ತಾನೇ ಚಹಾ ತರಿಸಿ, ಲೋಟವನ್ನು ಮೇಜಿನ ಮೇಲಿಟ್ಟ. ಮೇಜು ಅಲ್ಲಾಡಿತು, ಮೌಸ್ ಜರುಗಿತು. ಅಕ್ಷರ ಮಾಯವಾಗಿ ಇಡೀ ಹುಣಸೂರಿನ ಟಿ.ವಿ.ಗಳಲ್ಲಿ ಕಂಪ್ಯೂಟರಿನ ಹಿನ್ನೆಲೆ ಚಿತ್ರದ ಹಸಿರು ಗುಡ್ಡ, ನೀಲಿ ಆಕಾಶ ಬಂದು ನಿಂತಿತು. ಫೋನ್ ಹೊಡೆದುಕೊಂಡಿತು. ಹರಾಜು ಆ ಗುಡ್ಡದ ಮೇಲಾ ಎಂದು ಯಾರೋ ಕೇಳಿದರು. ಸುನಂದಮ್ಮ ಮತ್ತೆ ಅಕ್ಷರ ಬಿಡುತ್ತಿದ್ದಂತೆ ಮೀನಾ ಮೇಜಿನ ಹಿಂದೆ ಬಗ್ಗಿ ಮೌಸಿನ ತಂತಿಯನ್ನೇ ಕಿತ್ತಳು. ಅವಳನ್ನು ಯಾರೂ ಕೇಳಿರಲಿಲ್ಲ. ಯಾರೂ ಬೇಡ ಎನ್ನಲೂ ಇಲ್ಲ.

ಭಾನುವಾರ ಬೆಳಿಗ್ಗೆ, ಸಂಜೆ, ಅದೇ ಸಾಲು ಮತ್ತೆ ಓಡಿತು.

ಸೋಮವಾರ ಆರು ಗಂಟೆಗೆಲ್ಲ ಮೀನಾ ಆಫೀಸಿಗೆ ಬಂದಳು. ಸುನಂದಮ್ಮ ಆಗಲೇ ಮೇಲಿನ ಹಜಾರದಲ್ಲಿ ಕಂಬಿ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಷಣ್ಮುಖಪ್ಪನೂ ಕೊಡೆ ಹಿಡಿದುಕೊಂಡು ಬಂದ. ಹರಾಜಿನ ದಿನ ಆ ಹೊತ್ತಿಗೆ ಮಾರುಕಟ್ಟೆಗೆ ಹೊರಟ ಟ್ರ್ಯಾಕ್ಟರು, ಟೆಂಪೋ, ಗಾಡಿ ಕೆಳಗಿನ ರಸ್ತೆಯಲ್ಲಿ ಒಂದರ ಹಿಂದೆ ಒಂದು ನಿಂತು, ಬಸ್ಸಿನವರು ಹಾರನ್ ಒತ್ತಿ ಒತ್ತಿ ಸಾಕಾಗುತ್ತಿದ್ದರು. ಅಂದು ಮಳೆ ಬಿದ್ದ ರಸ್ತೆ ಖಾಲಿ ಬಿದ್ದಿತ್ತು. ಮಡಿಕೇರಿ ಬಸ್ಸು ತಡೆಯಿಲ್ಲದೆ ಹೋಯಿತು. ಒಂದು ಹಾಲಿನ ವ್ಯಾನು ಹೋಯಿತು. ಏಳಾಯಿತು, ಏಳೂವರೆಯಾಯಿತು. ಅಲ್ಲಿಯ ತನಕ ಐದು ಊರಿನಿಂದ ಒಂದು ಬೇಲೂ ಬರಲಿಲ್ಲ.

ಎಂಟಕ್ಕೆ ಒಂದೇ ಒಂದು ಟ್ರ್ಯಾಕ್ಟರು ಬಂತು. ತಾಡಪಾಲು ಹೊದಿಸಿ ತಂದಿದ್ದವನು ಚಿಕ್ಕಮಾದು ಎಂಬ ರೈತ. ಖಾಲಿ ರಸ್ತೆಯನ್ನು ಅತ್ತಿತ್ತ ನೋಡಿ, ಮೇಲೆ ನಿಂತಿದ್ದವರನ್ನು ಕೂಗಿದ.

"ಏನ್ ಷಣ್ಮುಖಪ್ನೋರೆ, ಊರವ್ರೆಲ್ಲ ಸತ್ತೋದ್ರಾ? ಒಬ್ರೂ ಇಲ್ವಲ್ಲ."

ಹರಾಜಿಲ್ಲ, ಟಿ.ವಿ.ಯಲ್ಲಿ ಮೂರು ಸಲ ಬಂತಲ್ಲ ಎಂದು ಷಣ್ಮುಖಪ್ಪ ಕೂಗಿ ಹೇಳಿದ.

"ನಮ್ ಕೇರಿಗೆ ನಿಮ್ ತಂತಿ ಬಿದ್ದು ನಾಕು ದಿನ ಆಯ್ತು ಕಣ್ರೀ. ನಿಮ್ ಅಕ್ಸರ ಏನು ನಡ್ಕೊಂಡು ಬತ್ತದಾ?"

ತಾಡಪಾಲು ಇದ್ದುದರಿಂದ ಅವನ ಸೊಪ್ಪು ನೆನೆದಿರಲಿಲ್ಲ. ಗೊಬ್ಬರದಂಗಡಿಯವರು ಬುಧವಾರದ ತನಕ ತಮ್ಮ ಗೋದಾಮಿನಲ್ಲಿ ಬೇಲ್ ಇಟ್ಟುಕೊಳ್ಳಲು ಒಪ್ಪಿದರು. ಷಣ್ಮುಖಪ್ಪ ತಂತಿ ಕಟ್ಟುವವರನ್ನು ಆಗಲೇ ಅಟ್ಟಿದ. ಆಮೇಲೆ ಒಳಗೆ ಹೋಗಿ ಮೈಸೂರಿಗೆ ಫೋನ್ ಮಾಡಿ, ನಾಳೆ ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ವಸಂತನಿಗೆ ಹೇಳಿದ. ಆ ಕಡೆಯಿಂದ ಅವನು ಏನೋ ಬಹಳ ಹೊತ್ತು ಕೇಳುತ್ತಿದ್ದ. ಷಣ್ಮುಖಪ್ಪ, ಹೌದು, ನಂಬರು ಹೊಡೆದೇ, ಹೌದು, ಪೂರ್ತಿ ಸಾಲು, ಎನ್ನುತ್ತಿದ್ದ. ಕೊನೆಗೆ ಫೋನನ್ನು ಸುನಂದಮ್ಮನ ಕಡೆ ಚಾಚಿದ. ಮೇಡಂ, ಒಂದು ದಿನ ಬಂದು ನಿಮ್ಮ ಪಕ್ಕದಲ್ಲಿ ಕೂತು ನೋಡಬಹುದಾ ಎಂದು ವಸಂತ್ ಕೇಳಿದ. ಬನ್ನಿ, ಆದರೆ ಮೇಜು ಮುಟ್ಟಬಾರದು ಎಂದರು ಸುನಂದಮ್ಮ.

ಅವರು ಫೋನಿಟ್ಟ ಮೇಲೂ ಷಣ್ಮುಖಪ್ಪ ಅಲ್ಲೇ ನಿಂತಿದ್ದ. ಏನೋ ಹೇಳಬೇಕೆಂದು ಅವನಿಗೆ ಅನ್ನಿಸುತ್ತಿತ್ತು. ಅವನಿಗೆ ಆ ಕಷ್ಟ ಬೇಡವೆಂಬಂತೆ ಸುನಂದಮ್ಮನೇ ಹೇಳಿದರು.

"ಇದು ಒಬ್ಬರ ಕೈಲಾಗೋ ಕೆಲ್ಸ ಅಲ್ಲ ಕಣ್ರೀ. ಈ ಹುಡ್ಗಿಗೆ ಸ್ಟೂಲು ಬೇಡ, ಇನ್ನೊಂದು ಕುರ್ಚಿ ಹಾಕ್ಸಿ."

ಕುರ್ಚಿ ಕೆಳಗಿನ ಗೊಬ್ಬರದಂಗಡಿಯಿಂದ ಬಂತು. ಯೂರಿಯಾ ವಾಸನೆ ಹೊಡೆಯುತ್ತಿತ್ತು, ಒಂದು ಕಾಲು ಸ್ವಲ್ಪ ಗಿಡ್ಡ. ಮೀನಾ ಅದನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಸುನಂದಮ್ಮನ ಎಡಕ್ಕೆ ಎಳೆದುಕೊಂಡು ಕೂತಳು. ಆ ಸಂಜೆಗೆ ಓಡಬೇಕಾದ ಸಾಲು, ಚಿಕ್ಕಮಾದುವಿನ ಕೇರಿಗೆ ತಂತಿ ಬಂದಿದೆ ಎನ್ನುವುದು. ಸುನಂದಮ್ಮ ಕೈ ಕಟ್ಟಿಕೊಂಡು ಹಿಂದಕ್ಕೆ ಒರಗಿದರು. ಮೀನಾ ಹೆಬ್ಬೆರಳನ್ನು ಆಲ್ಟ್ ಮೇಲಿಟ್ಟು, ಮೊದಲ ನಂಬರಿಗಾಗಿ ಹಾಳೆಯ ನಡುವಿನ ಖಾನೆಗಳಲ್ಲಿ ಹುಡುಕತೊಡಗಿದಳು.